ಮೂಗಿಗೂ ಕಹಿ ತಿಳಿಯುತ್ತದೆ

ಹಾಗಲಕಾಯಿ ಪಲ್ಯ ನಿಮಗೆ ಬಾಯಿಗಿಡಲಾಗದಷ್ಟು ಕಹಿ, ತಂಗಿ ಮಾತ್ರ ಚಪ್ಪರಿಸಿ ತಿನ್ನುತ್ತಾಳೆ. ರುಚಿಗ್ರಾಹಕಗಳು (ರುಚಿಯನ್ನು ಗುರುತಿಸುವ, ಜೀವಕೋಶಗಳ ಮೇಲಿನ ಪ್ರೋಟೀನ್‌ಗಳು) ನಾಲಿಗೆಯಲ್ಲಷ್ಟೇ ಇವೆಯೇ ಎಂದು ಕೇಳಿದ್ದೀರಿ. ಇಲ್ಲ, ಮೂಗಿನಲ್ಲೂ ಕರುಳಿನಲ್ಲೂ ಇವೆ.

ನಿಮ್ಮದು ನಖರಾ ಅಲ್ಲ ಬಿಡಿ. ಕಹಿಗೆಂದೇ ಸುಮಾರು 25 ಬಗೆಯ ಗ್ರಾಹಕಗಳಿವೆ, ಅವುಗಳ ಜೀನ್‌ಗಳು ಎಲ್ಲರಲ್ಲೂ ಒಂದೇ ತೆರನಾಗಿರುವುದಿಲ್ಲ. 1931ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ರಾಸಾಯನಿಕ ಪುಡಿ ಗಾಳಿಗೆ ಹಾರಿತು. ಸಹೋದ್ಯೋಗಿ ಕಹಿಯೆಂದು ದೂರಿದರೆ ಫಾಕ್ಸ್‌ಗೆ ರುಚಿಯೇ ತಿಳಿಯಲಿಲ್ಲ! (ಹಾಗಲದ ಕಹಿವಸ್ತು ಬೇರೆ.)

ಪಿಟಿಸಿಯನ್ನು ಗುರುತಿಸುವ ಗ್ರಾಹಕವೇ ಮೂಗಿನೊಳಗೂ ಇದೆ. ಕೆಲವು ಬ್ಯಾಕ್ಟೀರಿಯಾಗಳು ಸೂಸುವ ರಾಸಾಯನಿಕ ಅದಕ್ಕೆ ತಗುಲಿದೊಡನೆ ಅಲ್ಲಿನ ಸೂಕ್ಷ್ಮ ರೋಮಗಳು ಬಿರುಸಾಗಿ ಬಡಿದು ಲೋಳೆಯನ್ನು ಆಚೆ ತಳ್ಳುತ್ತವೆ. ನಮಗೆ ಕಹಿಯೆನಿಸುವುದಿಲ್ಲ, ಅಷ್ಟೇ. ಕರುಳಿನಲ್ಲಿರುವ ಸಿಹಿಯ ಗ್ರಾಹಕಗಳು ಸಕ್ಕರೆಯ ಸುಳಿವು ಹಿಡಿದು, ಇನ್ಸುಲಿನ್ ಹೆಚ್ಚಿಸುವ ಹಾರ್ಮೋನ್ ಬಿಡುಗಡೆಗೆ ನೆರವಾಗುತ್ತವೆ.