ಎಲೆ ಉದುರಿಸುತ್ತಿರುವ ಫೈಕಸ್ ಬೋನ್ಸಾಯ್‌ಗೆ ಈಗ ಕುಂಡ ಬದಲಿಸಬೇಕಾ?

ಚಳಿ ಶುರುವಾಯಿತೆಂದು ಫೈಕಸ್ ಬೋನ್ಸಾಯ್ (ಆಲ, ಅತ್ತಿ ಕುಲದ, ಕುಂಡದಲ್ಲೇ ಕುಳ್ಳಗೆ ಬೆಳೆಸುವ ಮರ) ಒಳಗೆ ತಂದಿಟ್ಟಿದ್ದೀರಿ, ದಿನಾ ನೀರು ಹಾಕಿದರೂ ಎಲೆ ಹಳದಿಯಾಗಿ ಉದುರುತ್ತಿದೆ, ಕುಂಡ ಬದಲಿಸಲೇ ಎಂದು ಕೇಳಿದ್ದೀರಿ. ಬೇಡ, ಈಗ ಬೇರು ಮುಟ್ಟಲೇಬೇಡಿ. ಬೆಳಕು ದಿಢೀರನೆ ಕಡಿಮೆಯಾದರೆ ಫೈಕಸ್ ಎಲೆ ಉದುರಿಸುತ್ತದೆ, ಅದರ ಸ್ವಭಾವವೇ ಹಾಗೆ. ಕೊಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ.

ನನಗೆ ಅನುಮಾನ ಇರುವುದು ಆ ದಿನಾ ಹಾಕುವ ನೀರಿನ ಮೇಲೆ. ಎಲೆ ಕಮ್ಮಿಯಾದರೆ ಗಿಡ ಕುಡಿಯುವ ನೀರೂ ಕಮ್ಮಿ, ಅಲ್ವಾ? ಮಣ್ಣು ಸದಾ ಒದ್ದೆಯಿದ್ದರೆ ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಮಣ್ಣಿಗೆ ಬೆರಳು ಇಳಿಸಿ ನೋಡಿ. ಒಣಗುತ್ತಾ ಬಂದಿದ್ದರೆ ಮಾತ್ರ, ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ. ಸುಮ್ನೆ ಮೇಲೆ ಮೇಲೆ ಚಿಮುಕಿಸಿದರೆ ಪ್ರಯೋಜನವಿಲ್ಲ. ಮನೆಯಲ್ಲಿ ಜಾಸ್ತಿ ಬೆಳಕಿರುವ ಕಿಟಕಿ ಪಕ್ಕ ಇಡಿ, ಪದೇ ಪದೇ ಜಾಗ ಬದಲಿಸಬೇಡಿ. ಚಿಗುರು ಬರುವವರೆಗೆ ಗೊಬ್ಬರ ಬೇಡ.

ಕುಂಡ ಬದಲಿಸುವ ಕೆಲಸವೆಲ್ಲ ಸೆಕೆ ಬಂದು ಬೆಳವಣಿಗೆ ಜೋರಾದಾಗ. ರಾತ್ರಿ ತಾಪಮಾನ 15 ಡಿಗ್ರಿಗಿಂತ ಇಳಿಯದಂತಾದ ಮೇಲೆ ಹೊರಗಿಡಿ. ಮೊದಲು ನೆರಳು, ಆಮೇಲೆ ನಿಧಾನಕ್ಕೆ ಬಿಸಿಲು. ಅಂದಹಾಗೆ, ನಿಮ್ಮಲ್ಲಿ ಜುನಿಪರ್ (ಚಳಿ ಪ್ರದೇಶದ ಸದಾ ಹಸಿರಿನ ಗಿಡ) ಬೋನ್ಸಾಯ್ ಇದ್ದರೆ ಅದನ್ನು ಮಾತ್ರ ಒಳಗೆ ತರಬೇಡಿ. ಅದಕ್ಕೆ ಚಳಿಗಾಲದ ನಿದ್ದೆ ಬೇಕೇ ಬೇಕು.