ಪ್ರತಿಕ್ರಿಯೆ: ಇಇಜಿ ವರದಿಯಲ್ಲಿ ‘3 ಹರ್ಟ್ಜ್ ಸ್ಪೈಕ್-ವೇವ್’ ಎಂದರೆ ಏನು?

ಏಳು ವರ್ಷದ ಮಗಳು ಮಾತಾಡುತ್ತಲೇ ಕೆಲವು ಸೆಕೆಂಡು ಕಣ್ಣು ನೆಟ್ಟು ಸುಮ್ಮನಾಗುತ್ತಾಳೆ, ಇಇಜಿ (ಮೆದುಳಿನ ವಿದ್ಯುತ್ ಅಲೆಗಳನ್ನು ಗೆರೆಗಳಾಗಿ ದಾಖಲಿಸುವ ಪರೀಕ್ಷೆ) ವರದಿಯಲ್ಲಿ ‘3 ಹರ್ಟ್ಜ್ ಜನರಲೈಸ್ಡ್ ಸ್ಪೈಕ್-ವೇವ್’ ಎಂದಿದೆ, ಅರ್ಥವೇನು ಎಂದು ಕೇಳಿದ್ದೀರಿ.

ಮಕ್ಕಳ ಆಬ್ಸೆನ್ಸ್ ಎಪಿಲೆಪ್ಸಿಯಲ್ಲಿ (ಕೆಲವು ಸೆಕೆಂಡು ಅರಿವು ತಪ್ಪಿ ಮಗು ಸುಮ್ಮನಾಗುವ ಬಗೆಯ ಮೂರ್ಛೆರೋಗ) ಕಾಣುವ ಮಾದರಿ ಇದೇ. ಮಾಮೂಲಾಗಿ ಓಡುತ್ತಿದ್ದ ಗೆರೆಗಳಲ್ಲಿ, ತಲೆಯ ಎರಡೂ ಬದಿಗೆ ಒಟ್ಟಿಗೇ, ಒಂದು ಚೂಪು ಮೊನೆ, ಅದರ ಬೆನ್ನಿಗೇ ಒಂದು ಅಗಲವಾದ ಅಲೆ ಏಳುತ್ತದೆ. ಈ ಜೋಡಿ ಸೆಕೆಂಡಿಗೆ ಸುಮಾರು 3 ಸಲ ಬರುತ್ತದೆ. ಹಣೆಯ ಕಡೆ ಎತ್ತರ ಜಾಸ್ತಿ. ಮೊದಲು ತುಸು ವೇಗ, ಕೊನೆಗೆ ನಿಧಾನ, ಸಾಮಾನ್ಯವಾಗಿ 20 ಸೆಕೆಂಡಿನೊಳಗೆ ಥಟ್ಟನೆ ನಿಲ್ಲುತ್ತದೆ. ಮೆದುಳಿನ ಆಳದಲ್ಲಿರುವ ಥಾಲಮಸ್ ಮತ್ತು ಮೆದುಳಿನ ಹೊರಪದರದ ನಡುವಿನ ಸಂಕೇತಗಳು ಒಂದೇ ಲಯಕ್ಕೆ ಸಿಕ್ಕಿಬೀಳುವುದೇ ಇದಕ್ಕೆ ಕಾರಣ.

ವರದಿಯಲ್ಲಿ ಎರಡು ವಿಷಯ ಹುಡುಕಿ. ಒಂದು, ಬ್ಯಾಕ್‌ಗ್ರೌಂಡ್ (ಅಟ್ಯಾಕ್ ಇಲ್ಲದಾಗಿನ ಮಾಮೂಲಿ ಗೆರೆಗಳು) ನಾರ್ಮಲ್ ಇದೆಯೇ? ಅದು ನಿಧಾನವಾಗಿದ್ದು, ಸ್ಪೈಕ್-ವೇವ್ ಕೂಡ 2.5 ಹರ್ಟ್ಜ್‌ಗಿಂತ ಕಡಿಮೆ ಇದ್ದರೆ ಲೆನಾಕ್ಸ್-ಗ್ಯಾಸ್ಟೋದಂಥ (ಮಕ್ಕಳ ತೀವ್ರ ಬಗೆಯ ಮೂರ್ಛೆರೋಗ) ಬೇರೆ ಕಾಯಿಲೆಯನ್ನು ಯೋಚಿಸಬೇಕಾಗುತ್ತದೆ. ಇನ್ನೊಂದು, 3 ನಿಮಿಷ ಜೋರಾಗಿ ಉಸಿರಾಡಿಸಿದಾಗ ಏನಾಯಿತು? ಔಷಧಿ ಶುರುವಾಗದ ಮಕ್ಕಳಲ್ಲಿ ಬಹುಪಾಲು ಆಗಲೇ ಅಟ್ಯಾಕ್ ಬರುತ್ತದೆ. ಮಗು ಅತ್ತು ಸರಿಯಾಗಿ ಊದದಿದ್ದರೆ ಆ ಭಾಗ ವ್ಯರ್ಥ. ಕಾಗದದ ಗಿರಗಿಟ್ಲೆ ಊದಿಸಿದರೆ ಕೆಲಸ ಸುಲಭ. (ಇದನ್ನು ಲ್ಯಾಬಿನಲ್ಲೇ ಮಾಡಿಸಿ. ಆಸ್ತಮಾ ಇದ್ದರೆ ಮೊದಲೇ ಹೇಳಿ.)

ನಿದ್ದೆಯಲ್ಲಿ ತೆಗೆದ ಭಾಗದಲ್ಲಿ ಅಲೆಗಳು ತುಂಡುತುಂಡಾಗಿ, ಒಂದೇ ಬದಿಗೆ ವಾಲಿದಂತೆ ಕಾಣುವುದುಂಟು. ಅದನ್ನೇ ಫೋಕಲ್ (ಮೆದುಳಿನ ಒಂದು ಭಾಗದಿಂದ ಶುರುವಾಗುವ ಮೂರ್ಛೆ) ಎಂದುಕೊಂಡು ಕಾರ್ಬಮಾಜೆಪೀನ್ ಔಷಧಿ ಕೊಟ್ಟರೆ ಅಟ್ಯಾಕ್ ಹೆಚ್ಚಬಹುದು. ಆಬ್ಸೆನ್ಸ್‌ಗೆ ಸಾಮಾನ್ಯವಾಗಿ ಮೊದಲ ಆಯ್ಕೆ ಎಥೋಸಕ್ಸಿಮೈಡ್ ಎಂಬ ಔಷಧಿ. ಡೋಸ್ ಮಕ್ಕಳ ನರರೋಗ ತಜ್ಞರೇ ತೂಕ ನೋಡಿ ಬರೆಯಬೇಕು.