ಯಾರದ್ದೋ ಬ್ಯಾಗ್ ಕಂಡರೆ ಎದೆ ಧಸಕ್ಕೆನ್ನುತ್ತದೆ

(ಓದುಗರ ಪ್ರಶ್ನೆಗಳಿಗೆ ಮನೋವೈದ್ಯರ ಉತ್ತರ)

ಪ್ರಶ್ನೆ: 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ ನನ್ನ ತಮ್ಮ ಅದೇ ರಸ್ತೆಯಲ್ಲಿದ್ದ. ಗಾಯವೇನೂ ಆಗಲಿಲ್ಲ. ಆದರೆ ಈಗಲೂ ಹೋಟೆಲಿಗೆ ಬರುವುದಿಲ್ಲ. ಯಾರದ್ದೋ ಬ್ಯಾಗ್ ಕಂಡರೆ ಬೆವರುತ್ತಾನೆ. ಮಾತ್ರೆಯಿಲ್ಲದೆ ನಿದ್ದೆಯಿಲ್ಲ. ತಾನಾಗಿಯೇ ಸರಿಹೋದೀತೇ?
– ಓದುಗರು, ಬೆಂಗಳೂರು

ಉತ್ತರ: ಇಷ್ಟು ದಿನ ಸರಿಹೋಗಿಲ್ಲವೆಂದರೆ ಇನ್ನು ಕಾಯಬೇಡಿ. ಮೊದಲ ವಾರಗಳ ಭಯ ಕಾಯಿಲೆಯಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ಒಂದೆರಡು ತಿಂಗಳಲ್ಲಿ ಮ್ಯಾನ್‌ಹಟನ್‌ ನಿವಾಸಿಗಳಲ್ಲಿ ಶೇ 7.5ರಷ್ಟು ಮಂದಿಗೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ಒತ್ತಡದ ಕಾಯಿಲೆ) ಲಕ್ಷಣಗಳಿದ್ದವು. ಆರು ತಿಂಗಳಲ್ಲಿ ಅದು ಶೇ 1ಕ್ಕಿಂತ ಕೆಳಗಿಳಿಯಿತು. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ದುಃಸ್ವಪ್ನ, ಬೆಚ್ಚಿಬೀಳುವುದು, ಆ ಜಾಗ ತಪ್ಪಿಸುವುದು ಒಂದು ತಿಂಗಳು ದಾಟಿಯೂ ಉಳಿದು, ಕೆಲಸಕ್ಕೆ, ಸಂಸಾರಕ್ಕೆ ಅಡ್ಡಿಯಾದರೆ ಚಿಕಿತ್ಸೆ ಬೇಕು. ಮೈಗೆ ಗಾಯವಾಗಿಲ್ಲ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಭಯ ಉಳಿಯುವುದು ತಪ್ಪಿಸಿಕೊಳ್ಳುವುದರಿಂದಲೇ. ಹೋಟೆಲಿನ ಬಾಗಿಲಿನಿಂದ ವಾಪಸಾದಾಗ ಎದೆಬಡಿತ ಇಳಿಯುತ್ತದಲ್ಲ, 'ವಾಪಸಾದದ್ದರಿಂದಲೇ ಉಳಿದೆ' ಎಂದು ಮಿದುಳು ಕಲಿಯುತ್ತದೆ. ಇದನ್ನು ಮುರಿಯಲು ಆಘಾತ-ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ) ಇದೆ: ಸಾಮಾನ್ಯವಾಗಿ ವಾರಕ್ಕೊಂದರಂತೆ 8ರಿಂದ 12 ಭೇಟಿ. ಹೆದರಿಕೆಯ ಸನ್ನಿವೇಶಗಳಿಗೆ 0ಯಿಂದ 100ರವರೆಗೆ ಅಂಕ ಕೊಟ್ಟು, 30–40ರಿಂದ ಶುರು ಮಾಡುತ್ತಾರೆ. ಮೊದಲು ಹೋಟೆಲಿನ ಎದುರು ನಿಲ್ಲುವುದು, ಆಮೇಲೆ ಜನ ಕಡಿಮೆಯಿರುವಾಗ ಕಾಫಿ, ಕೊನೆಗೆ ಭಾನುವಾರದ ತಿಂಡಿ ಹೊತ್ತು. ಪ್ರತಿ ಮೆಟ್ಟಿಲಲ್ಲೂ ಭಯ ಅರ್ಧಕ್ಕಿಳಿಯುವವರೆಗೆ, ಸುಮಾರು 30–45 ನಿಮಿಷ, ಅಲ್ಲೇ ಇರಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಭಯ ತುತ್ತತುದಿಗೇರಿದಾಗ ಎದ್ದು ಬರುತ್ತಾರೆ, ಇಲ್ಲವೇ ಬಾಗಿಲ ಪಕ್ಕದ ಮೇಜನ್ನೇ ಹಿಡಿದು ಕೂರುತ್ತಾರೆ. ಎರಡೂ ತಪ್ಪಿಸಿಕೊಳ್ಳುವುದೇ.

ಆ ಮಾತ್ರೆ ಅಲ್ಪ್ರಜೋಲಾಮ್ ಅಥವಾ ಕ್ಲೋನಜೆಪಾಮ್ ಇರಬಹುದು, ಚೀಟಿ ನೋಡಿ. ಅವು ಪಿಟಿಎಸ್‌ಡಿಗೆ ಮದ್ದಲ್ಲ, ಅಭ್ಯಾಸವಾಗುತ್ತವೆ. ಆದರೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ಸರ್ಟ್ರಲೀನ್‌ನಂಥ ಖಿನ್ನತೆ-ನಿವಾರಕ ಔಷಧಿ ಕೊಟ್ಟರೆ ಪರಿಣಾಮ ಕಾಣಲು ಕೆಲವು ವಾರ ಬೇಕು. ಹತ್ತು ದಿನಕ್ಕೆ 'ಕೆಲಸ ಮಾಡ್ತಿಲ್ಲ' ಎಂದು ಬಿಡಬಾರದು.

ಪ್ರಶ್ನೆ: ಪಹಲ್ಗಾಮ್ ದಾಳಿಯಾದಾಗ ದಿನವಿಡೀ ಟಿವಿ, ಮೊಬೈಲ್ ನೋಡಿದೆ. ಸತ್ತವರು ಯಾರೂ ಪರಿಚಯದವರಲ್ಲ. ಆದರೂ ಯಜಮಾನರು ಊರಿಗೆ ಹೊರಟರೆ ಹತ್ತು ಸಲ ಫೋನ್ ಮಾಡುತ್ತೇನೆ. ಪಕ್ಕದ ಮನೆಯ ಮುಸ್ಲಿಮರನ್ನು ಕಂಡರೂ ಏನೋ ಅಳುಕು.
– ಗೃಹಿಣಿ, ಶಿವಮೊಗ್ಗ

ಉತ್ತರ: 2025ರ ಏಪ್ರಿಲ್ 22ರಂದು ಸತ್ತ 26 ಮಂದಿಯಲ್ಲಿ ನಿಮ್ಮ ಊರಿನವರೂ ಇದ್ದರು, ಹಾಗಾಗಿ ನೋವು ಹತ್ತಿರದ್ದೇ. ಆದರೆ ಟಿವಿಯ ಪಾಲನ್ನು ಕಡೆಗಣಿಸಬೇಡಿ. 2013ರ ಬೋಸ್ಟನ್ ಮ್ಯಾರಥಾನ್ ಸ್ಫೋಟದ ನಂತರದ ವಾರ ದಿನಕ್ಕೆ ಆರು ಗಂಟೆಗೂ ಹೆಚ್ಚು ಸುದ್ದಿ ನೋಡಿದವರು ಸ್ಥಳದಲ್ಲಿದ್ದವರಿಗಿಂತ ಹೆಚ್ಚಿನ ತೀವ್ರ ಒತ್ತಡ ಹೇಳಿಕೊಂಡಿದ್ದರು. ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ. ಟಿವಿ ಬೇಕೇ ಬೇಕೆಂದರೆ ದಿನಕ್ಕೆರಡು ಸಲ, ಹದಿನೈದು ನಿಮಿಷ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಯಜಮಾನರು ಊರು ತಲುಪಿದ ಮೇಲೆ ಒಂದು ಫೋನ್, ರಾತ್ರಿ ಒಂದು ಎಂದು ಅವರೊಡನೆ ನಿಗದಿಮಾಡಿಕೊಳ್ಳಿ. ಹತ್ತನೆಯ ಕರೆ ಹನ್ನೊಂದನೆಯದನ್ನು ಕರೆಯುತ್ತದೆ, ಅಷ್ಟೆ.

ಅಳುಕಿನ ಬಗ್ಗೆ ಪ್ರಾಮಾಣಿಕವಾಗಿ ಬರೆದದ್ದು ಒಳ್ಳೆಯದಾಯಿತು. ಹೆದರಿದ ಮನಸ್ಸು ಅಪಾಯವನ್ನು ಇಡೀ ಗುಂಪಿಗೆ ಅಂಟಿಸಿಬಿಡುತ್ತದೆ. ಅಂದು ಸತ್ತವರಲ್ಲಿ ಕುದುರೆ ಸವಾರಿ ಮಾಡಿಸುತ್ತಿದ್ದ ಸ್ಥಳೀಯ ಮುಸ್ಲಿಂ ಯುವಕನೂ ಇದ್ದ. ಮಾತು ನಿಲ್ಲಿಸಿದರೆ ಅಳುಕು ಬೆಳೆಯುತ್ತದೆ. ಕಾಂಪೌಂಡ್ ಆಚೆಯ ದಿನದ ಎರಡು ಮಾತು ಮುಂದುವರಿಸಿ.

ಪ್ರಶ್ನೆ: ದಾಳಿಯಿಂದ ಪಾರಾಗಿ ಬಂದವರನ್ನು ಎಲ್ಲ ಹೇಳಿಸಿ ಅಳಿಸಿಬಿಡುವುದು ಒಳ್ಳೆಯದೇ?

ಉತ್ತರ: ಅಲ್ಲ. ಘಟನೆಯಾದ ಕೂಡಲೇ ಒತ್ತಾಯದಿಂದ ವಿವರ ಹೇಳಿಸುವುದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ, ಕೆಲವರಲ್ಲಿ ಹೆಚ್ಚೂ ಆಗಬಹುದು. ಊಟ, ನಿದ್ದೆ, ಮನೆಯವರ ಸಂಪರ್ಕ ಮೊದಲು. ತಾವಾಗಿ ಮಾತಾಡಿದರೆ ಕೇಳಿ. ಸಾಯುವ ಮಾತಾಡಿದರೆ, ಕುಡಿತ ಏರಿದರೆ ತಿಂಗಳು ಕಾಯದೆ ವೈದ್ಯರಲ್ಲಿ ಕರೆದೊಯ್ಯಿರಿ. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.